ಜಠರದಲ್ಲಿ ತೇಲುವ ಮಾತ್ರೆ



ಸಕ್ಕರೆ ಕಾಯಿಲೆಗೋ ರಕ್ತದ ಒತ್ತಡಕ್ಕೋ ಪ್ರತಿದಿನವೂ ಮಾತ್ರೆ ಸೇವಿಸುವವರು ನಿಮ್ಮ ಮನೆಯಲ್ಲಿ ಒಬ್ಬರಾದರೂ ಇರಬಹುದು. ಅದು ನಿಮ್ಮಿಬ್ಬರಲ್ಲಿ ಒಬ್ಬರಿರಬಹುದು, ವಯಸ್ಸಾದ ಅತ್ತೆ ಮಾವಂದಿರಿರಬಹುದು. ಆಸ್ಪತ್ರೆಯಿಂದ ಮಾತ್ರೆಗಳನ್ನು ತಂದಿಡುವುದೂ ಹೊತ್ತು ಹೊತ್ತಿಗೆ ನೆನಪಿನಿಂದ ಕೊಡುವುದೂ ಸಾಮಾನ್ಯವಾಗಿ ನಿಮ್ಮ ಪಾಲಿನ ಕೆಲಸ. ಈ ಕೆಲಸದಲ್ಲಿ ಒಳ್ಳೆಯ ಉದ್ದೇಶದಿಂದಲೇ ನಡೆದುಹೋಗುವ ಎರಡು ತಪ್ಪುಗಳಿವೆ. ಮಾತ್ರೆ ದಪ್ಪವಾಗಿದೆ, ಹಿರಿಯರಿಗೆ ನುಂಗಲಾಗದು ಎಂದು ಅದನ್ನು ಕುಟ್ಟಿ ಪುಡಿಮಾಡಿ ಬಾಳೆಹಣ್ಣಿನೊಡನೆ ಕಲಸಿ ಕೊಡುವುದು ಒಂದು. ಬೆಳೆ ಕೈಗೆ ಬರುವ ಮುನ್ನ ಹಣದ ಮುಗ್ಗಟ್ಟಿರುವ ದಿನಗಳಲ್ಲಿ ಒಂದೇ ಮಾತ್ರೆಯನ್ನು ಮುರಿದು, ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಎಂದು ಹಂಚುವುದು ಮತ್ತೊಂದು. ಕೆಲವು ಮಾತ್ರೆಗಳಿಗೆ ಇದರಿಂದ ಹೆಚ್ಚಿನ ಬಾಧಕವಿಲ್ಲ. ಆದರೆ ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಯನ್ನು ಹೀಗೆ ಮಾಡಿದರೆ ರೋಗಿಯ ಜೀವಕ್ಕೇ ಅಪಾಯ ಒದಗಬಹುದು. ಏಕೆಂಬುದು ಅರ್ಥವಾಗಬೇಕಾದರೆ ಇಂತಹ ಮಾತ್ರೆಯನ್ನು ಹೇಗೆ ತಯಾರಿಸುತ್ತಾರೆಂಬುದನ್ನು ತಿಳಿಯಬೇಕು. ಅವುಗಳಲ್ಲಿ ಅತ್ಯಂತ ಕೌತುಕದ್ದು ಜಠರದಲ್ಲಿ ತೇಲುವ ಮಾತ್ರೆ.

ಸಾಧಾರಣ ಮಾತ್ರೆಯ ರೀತಿ

ಔಷಧಿಯ ಪುಡಿಯನ್ನಷ್ಟೇ ಅಚ್ಚಿಗೆ ಹಾಕಿ ಒತ್ತಿದರೆ ಮಾತ್ರೆಯಾಗುವುದಿಲ್ಲ. ಪುಡಿಯು ಕೂಡಿಕೊಳ್ಳಲು ಅಂಟು ಬೇಕು. ಅಚ್ಚಿಗೆ ಹತ್ತದಿರಲು ನುಣುಪಿನ ಪದಾರ್ಥ ಬೇಕು. ಹೊಟ್ಟೆಗೆ ಹೋದೊಡನೆ ಒಡೆಯುವಂತೆ ಮಾಡುವ ಪದಾರ್ಥವೂ ಬೇಕು. ಈ ಕೊನೆಯ ಕೆಲಸಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ಪಿಷ್ಟ. ಅದನ್ನು ಆಲೂಗೆಡ್ಡೆಯಿಂದಲೂ ಮುಸುಕಿನ ಜೋಳದಿಂದಲೂ ತೆಗೆಯುತ್ತಾರೆ. ಹಾಸನ ಸೀಮೆಯ ಹೊಲಗಳಲ್ಲಿ ಮುಂಗಾರಿಗೆ ಹಾಕುವ ಈ ಎರಡು ಬೆಳೆಗಳಿಗೂ ಮಾತ್ರೆಗೂ ಹೀಗೊಂದು ನಂಟುಂಟು. ನೀರು ತಾಗಿದೊಡನೆ ಪಿಷ್ಟವು ಉಬ್ಬಿ ಮಾತ್ರೆಯನ್ನು ಒಳಗಿನಿಂದಲೇ ಒಡೆಯುತ್ತದೆ. ಆದುದರಿಂದ ಸಾಧಾರಣ ಮಾತ್ರೆಯು ಹೊಟ್ಟೆಯನ್ನು ಸೇರಿದ ಕೆಲವೇ ನಿಮಿಷಗಳಲ್ಲಿ ಪುಡಿಯಾಗುತ್ತದೆ.

ಒಮ್ಮೆಲೇ ಒಡೆದ ಮಾತ್ರೆಯ ಔಷಧಿಯು ಒಮ್ಮೆಲೇ ರಕ್ತವನ್ನು ಸೇರುತ್ತದೆ. ಒಂದೆರಡು ಗಂಟೆಗಳಲ್ಲಿ ಅದರ ಪ್ರಮಾಣವು ಮೇಲೇರಿ, ಅನಂತರ ಇಳಿಯತೊಡಗುತ್ತದೆ. ತಲೆನೋವಿಗೆ ಬೇಕಾದದ್ದು ಇದೇ. ದಿನವಿಡೀ ದೇಹದಲ್ಲಿರುವ ಸಕ್ಕರೆ ಕಾಯಿಲೆಗೆ ಇದು ಸಾಲದು. ಕೆರೆಯ ಏರಿ ಒಡೆದರೆ ನೀರು ಒಂದೇ ದಿನದಲ್ಲಿ ನುಗ್ಗಿ ಬಂದು ಗದ್ದೆಯನ್ನು ಕೊಚ್ಚುತ್ತದೆ. ಮಾರನೆಯ ವಾರ ಅದೇ ಗದ್ದೆ ಒಣಗುತ್ತದೆ. ಅಷ್ಟೇ ನೀರನ್ನು ತೂಬಿನಿಂದ ಅಳೆದು ಬಿಟ್ಟರೆ ಪೈರು ಕೊಯ್ಲಿನವರೆಗೂ ನಿಲ್ಲುತ್ತದೆ. ನಿಧಾನ ಮಾತ್ರೆಯು ತೂಬಿನ ಕೆಲಸವನ್ನು ಮಾಡುತ್ತದೆ. ಈ ತತ್ತ್ವವು ನಿಮಗೆ ಹೊಸದೇನಲ್ಲ. ಎರಡು ಹೆರಿಗೆಗಳ ನಡುವೆ ಅಂತರವಿಡಲು 2017ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಿರುವ ‘ಅಂತರ’ ಚುಚ್ಚುಮದ್ದನ್ನು ನೆನಪಿಸಿಕೊಳ್ಳಿ. ಅದರಲ್ಲಿರುವ ಔಷಧಿಯ ಸಣ್ಣ ಸಣ್ಣ ಹರಳುಗಳು ಮಾಂಸಖಂಡದಲ್ಲಿ ನಿಂತು ಮೆಲ್ಲಮೆಲ್ಲನೆ ಕರಗುವುದರಿಂದಲೇ ಒಂದು ಚುಚ್ಚುಮದ್ದು ಮೂರು ತಿಂಗಳು ಕೆಲಸ ಮಾಡುತ್ತದೆ.

ಎಲ್ಲಿ ಕರಗಬೇಕು?

ಮೆಲ್ಲಗೆ ಕರಗಿದರಷ್ಟೇ ಸಾಲದು, ತಕ್ಕ ಸ್ಥಳದಲ್ಲಿಯೂ ಕರಗಬೇಕು. ಬಾಯಿಯಿಂದ ಹೋದ ಔಷಧಿಯನ್ನು ರಕ್ತಕ್ಕೆ ಹೀರಿಕೊಳ್ಳುವುದು ಮುಖ್ಯವಾಗಿ ಸಣ್ಣ ಕರುಳು. ಅದು ಹಲವು ಮೀಟರು ಉದ್ದವಾಗಿದ್ದರೂ ಕೆಲವು ಪದಾರ್ಥಗಳನ್ನು ಅದರ ಮೇಲ್ಭಾಗ ಮಾತ್ರವೇ ಚೆನ್ನಾಗಿ ಹೀರುತ್ತದೆ. ಗರ್ಭಿಣಿಯರಿಗೆ ಕೊಡುವ ಕೆಂಪು ಬಣ್ಣದ ಮಾತ್ರೆಯಲ್ಲಿರುವ ಕಬ್ಬಿಣಾಂಶವೇ ಇದಕ್ಕೆ ಒಳ್ಳೆಯ ನಿದರ್ಶನ. ಕಬ್ಬಿಣವು ಬಹುಪಾಲು ಹೀರಲ್ಪಡುವುದು ಜಠರವನ್ನು ದಾಟಿದೊಡನೆ ಸಿಗುವ ಹನ್ನೆರಡು ಬೆರಳಗಲದಷ್ಟು ಉದ್ದದ ಕರುಳಿನಲ್ಲಿ ಮತ್ತು ಅದರ ಆಚೆಯ ಸ್ವಲ್ಪ ಭಾಗದಲ್ಲಿ. ಹೊಟ್ಟೆಗೆ ಒಗ್ಗಲೆಂದು ಕಬ್ಬಿಣವನ್ನೂ ನಿಧಾನವಾಗಿ ಬಿಡುವ ಮಾತ್ರೆಗಳನ್ನು ತಯಾರಿಸಿ ನೋಡಿದ್ದಾರೆ. ಮಾತ್ರೆಯು ಆ ಭಾಗವನ್ನು ದಾಟಿ ಮುಂದೆ ಹೋದ ಮೇಲೆ ಕಬ್ಬಿಣವನ್ನು ಬಿಟ್ಟರೆ ಅದು ರಕ್ತಕ್ಕೆ ಸೇರದೆ ಮಲದೊಡನೆ ಹೊರಟುಹೋಗುತ್ತದೆ. ಬಸ್ಸು ಊರಿನ ನಿಲ್ದಾಣವನ್ನು ದಾಟಿದ ಮೇಲೆ ಇಳಿಯುವವನು ಎಚ್ಚೆತ್ತಂತೆ.

ಸಕ್ಕರೆ ಕಾಯಿಲೆಗೆ ಮೊದಲು ಕೊಡುವ ಮೆಟ್‌ಫಾರ್ಮಿನ್ ಎಂಬ ಔಷಧಿಯದೂ ಇದೇ ಸ್ವಭಾವ. 1957ರಲ್ಲಿ ಫ್ರಾನ್ಸ್ ದೇಶದ ವೈದ್ಯ ಜಾನ್ ಸ್ಟರ್ನ್ ಅವರು ಇದನ್ನು ರೋಗಿಗಳಿಗೆ ಕೊಟ್ಟ ಫಲವನ್ನು ಪ್ರಕಟಿಸಿದರು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇದನ್ನು ಹೀರುವುದು ಹೆಚ್ಚಾಗಿ ಸಣ್ಣ ಕರುಳಿನ ಮೇಲ್ಭಾಗ. ನುಂಗಿದ ಸಾಧಾರಣ ಮಾತ್ರೆಯಲ್ಲಿ ಸುಮಾರು ಅರ್ಧದಷ್ಟು ಔಷಧಿ ಮಾತ್ರ ರಕ್ತವನ್ನು ಸೇರುತ್ತದೆ. ಇಂತಹ ಔಷಧಿಯನ್ನು ನಿಧಾನವಾಗಿ ಬಿಡಬೇಕಾದರೆ ಮಾತ್ರೆಯನ್ನು ಆ ಭಾಗಕ್ಕಿಂತ ಮೇಲೆ, ಅಂದರೆ ಜಠರದಲ್ಲಿಯೇ ಹಲವು ಗಂಟೆಗಳ ಕಾಲ ನಿಲ್ಲಿಸಿಕೊಳ್ಳಬೇಕಾಗುತ್ತದೆ. ಕೆರೆಯು ಗದ್ದೆಗಿಂತ ಎತ್ತರದಲ್ಲಿರಬೇಕಲ್ಲವೆ?

ಆದರೆ ಜಠರವು ಯಾವುದನ್ನೂ ಬಹಳ ಹೊತ್ತು ಇಟ್ಟುಕೊಳ್ಳಲು ಒಪ್ಪದ ಅಂಗ. ಅದರ ಕೆಳತುದಿಯಲ್ಲಿ ಬಾಗಿಲಿನಂತಹ ಒಂದು ಸ್ನಾಯುವಿದೆ. ಊಟವಾದ ಮೇಲೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿಕೊಂಡಿದ್ದು, ಗಂಜಿಯಂತೆ ನುಣ್ಣಗಾದ ಆಹಾರವನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ಮುಂದಕ್ಕೆ ಬಿಡುತ್ತದೆ. ಒಂದೆರಡು ಮಿಲಿಮೀಟರಿಗಿಂತ ದಪ್ಪನೆಯ ಚೂರುಗಳು ಹಿಂದೆಯೇ ಉಳಿಯುತ್ತವೆ. ಹೊಟ್ಟೆ ಬರಿದಾದಾಗ ನಡೆಯುವುದೇ ಬೇರೆ. ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಜಠರದ ಗೋಡೆಗಳು ಬಲವಾಗಿ ಮುದುಡುತ್ತವೆ, ಬಾಗಿಲು ಅಗಲವಾಗಿ ತೆರೆಯುತ್ತದೆ, ಒಳಗೆ ಉಳಿದಿರುವುದೆಲ್ಲವೂ ಕರುಳಿಗೆ ತಳ್ಳಲ್ಪಡುತ್ತದೆ. ನುಂಗಿದ ಹುಣಸೆ ಬೀಜವೋ ಮಗು ನುಂಗಿದ ಗುಂಡಿಯೋ ಹೊರಟುಹೋಗುವುದು ಸಾಮಾನ್ಯವಾಗಿ ಹೀಗೆಯೇ. ಮನೆಯೊಡತಿ ಮುಂಜಾನೆ ಅಂಗಳ ಗುಡಿಸಿದಂತಿರುವ ಈ ಕ್ರಿಯೆಯನ್ನು ಶರೀರಶಾಸ್ತ್ರಜ್ಞರೂ ಮನೆ ಗುಡಿಸುವ ಅಲೆಯೆಂದೇ ಕರೆಯುತ್ತಾರೆ. ಈ ಪೊರಕೆಗೆ ಸಿಕ್ಕದಂತೆ ಮಾತ್ರೆಯನ್ನು ಉಳಿಸಬೇಕು.

ಅದಕ್ಕೆ ಕಂಡುಕೊಂಡ ಉಪಾಯಗಳು ಹಲವು. ಜಠರದ ಗೋಡೆಗೆ ಅಂಟಿಕೊಳ್ಳುವ ಮಾತ್ರೆ, ಬಾಗಿಲಿನಲ್ಲಿ ತೂರದಷ್ಟು ಉಬ್ಬುವ ಮಾತ್ರೆ, ಇವುಗಳೂ ಇವೆ. ತೇಲುವ ಮಾತ್ರೆಯ ಉಪಾಯ ಇವೆರಡಕ್ಕಿಂತ ಸರಳ: ಬಾಗಿಲು ಕೆಳಗಿದೆ, ಮಾತ್ರೆ ಮೇಲೆ ತೇಲಲಿ.

ಸೋರೆ ಬುರುಡೆಯ ತತ್ತ್ವ

ಬಾವಿಯಲ್ಲೋ ಕಾಲುವೆಯಲ್ಲೋ ಈಜು ಕಲಿಯುವ ಹುಡುಗನ ಬೆನ್ನಿಗೆ ಹಿರಿಯರು ಒಣ ಸೋರೆ ಬುರುಡೆಯನ್ನು ಕಟ್ಟುತ್ತಿದ್ದುದುಂಟು. ಒಳಗೆ ಗಾಳಿ ತುಂಬಿದ ಬುರುಡೆಯು ನೀರಿಗಿಂತ ಹಗುರವಾದುದರಿಂದ ಹುಡುಗನನ್ನು ಮುಳುಗಗೊಡುವುದಿಲ್ಲ. ಜಠರದ ರಸವು ತೂಕದಲ್ಲಿ ಹೆಚ್ಚುಕಡಮೆ ನೀರಿನಂತೆಯೇ ಇದೆ. ಒಂದು ಘನ ಸೆಂಟಿಮೀಟರು ರಸದ ತೂಕ ಸುಮಾರು 1.004 ಗ್ರಾಂ. ಮಾತ್ರೆಯ ಸಾಂದ್ರತೆ ಅದಕ್ಕಿಂತ ಕಡಮೆಯಾದರೆ ಅದು ಅನ್ನರಸದ ಮೇಲೆ ತೇಲುತ್ತದೆ.

1968ರಲ್ಲಿ ಅಮೆರಿಕದಲ್ಲಿ ಡೇವಿಸ್ ಎಂಬವರು ನೀರಿಗಿಂತ ಹಗುರವಾದ ಗುಳಿಗೆಗೆ ಹಕ್ಕುಪತ್ರ ಪಡೆದರು. ಅವರ ಉದ್ದೇಶ ಜಠರದಲ್ಲಿ ಔಷಧಿಯನ್ನು ನಿಲ್ಲಿಸುವುದಾಗಿರಲಿಲ್ಲ. ಗುಳಿಗೆ ನುಂಗುವಾಗ ಗಂಟಲಿಗೆ ಸಿಕ್ಕಿ ಒದ್ದಾಡುವವರಿಗೆ ಸಹಾಯವಾಗಲಿ ಎಂಬುದಷ್ಟೇ. ಹಿರಿಯರಿಗೆ ಮಾತ್ರೆ ನುಂಗಿಸುವ ಕಷ್ಟ ನಿಮ್ಮ ಮನೆಯೊಂದರದೇ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ. ಮುಂದಿನ ದಶಕದಲ್ಲಿ ರೋಶ್ ಸಂಸ್ಥೆಯ ಶೇಠ್ ಮತ್ತು ಟೊಸೂನಿಯನ್ ಎಂಬ ವಿಜ್ಞಾನಿಗಳು ಜಠರದಲ್ಲಿ ಅಂಟಾಗಿ ಉಬ್ಬಿ ತೇಲುವ ಕ್ಯಾಪ್ಸೂಲನ್ನು ರೂಪಿಸಿದರು. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಇದೇ ಬಗೆಯ ಕ್ಯಾಪ್ಸೂಲು ಅನಂತರ ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ ರ್‍ಯಾನ್‌ಬಾಕ್ಸಿ ಸಂಸ್ಥೆಯು ಸಿಪ್ರೊಫ್ಲಾಕ್ಸಾಸಿನ್ ಎಂಬ ಸೋಂಕುನಿವಾರಕವನ್ನು ದಿನಕ್ಕೆ ಒಂದೇ ಬಾರಿ ಸೇವಿಸುವಂತೆ, ಅನಿಲದ ಬಲದಿಂದ ತೇಲುವ ಮಾತ್ರೆಯಾಗಿ ತಯಾರಿಸಿತು; 1999ರಲ್ಲಿ ಆ ತಂತ್ರದ ಬಗ್ಗೆ ಜರ್ಮನಿಯ ಬೇಯರ್ ಸಂಸ್ಥೆಯೇ ಅದರೊಡನೆ ಒಪ್ಪಂದ ಮಾಡಿಕೊಂಡಿತು.

ಮಾತ್ರೆಯೊಳಗೆ ಏನೇನಿದೆ?

ತೇಲುವ ಮಾತ್ರೆಯ ಗುಟ್ಟು ಎರಡು ಪದಾರ್ಥಗಳಲ್ಲಿದೆ. ಎರಡಕ್ಕೂ ನಿಮ್ಮ ಅಡಿಗೆಮನೆಯಲ್ಲಿಯೇ ಹೋಲಿಕೆಯುಂಟು.

ಮೊದಲನೆಯದು ಲೋಳೆಯಾಗುವ ಪದಾರ್ಥ. ಮುದ್ದೆಗೆ ಎಸರಿಟ್ಟು ರಾಗಿ ಹಿಟ್ಟು ಹಾಕಿ ಸರಿಯಾಗಿ ತಿರುವದಿದ್ದರೆ ಅಲ್ಲಲ್ಲಿ ಗಂಟಾಗುತ್ತದೆ. ಗಂಟನ್ನು ಮುರಿದು ನೋಡಿದರೆ ಮೇಲೆ ಬೆಂದ ಅಂಟು, ಒಳಗೆ ಒಣ ಹಿಟ್ಟು. ಹೊರಗಿನ ಅಂಟಿನ ಪದರವೇ ನೀರನ್ನು ಒಳಗೆ ಬಿಡದೆ ತಡೆದಿರುತ್ತದೆ. ಗೃಹಿಣಿಯು ಬೇಡವೆನ್ನುವ ಈ ಗಂಟನ್ನೇ ಮಾತ್ರೆ ತಯಾರಿಸುವವರು ಬೇಕೆಂದು ಮಾಡುತ್ತಾರೆ. ಹತ್ತಿಯ ಅಥವಾ ಮರದ ನಾರಿನಿಂದ ತಯಾರಿಸುವ ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್ ಎಂಬ ಪುಡಿಯನ್ನು ಔಷಧಿಯೊಡನೆ ಬೆರೆಸುತ್ತಾರೆ. ಜಠರದ ನೀರು ತಾಗಿದೊಡನೆ ಮಾತ್ರೆಯ ಮೈಮೇಲೆ ಲೋಳೆಯ ಪದರ ಮೂಡುತ್ತದೆ. ಔಷಧಿಯು ಆ ಪದರದ ಮೂಲಕ ಸ್ವಲ್ಪಸ್ವಲ್ಪವಾಗಿ ಹೊರಗೆ ಬರುತ್ತದೆ. ಹೊರಪದರ ಸವೆದಂತೆ ಒಳಗೆ ಹೊಸ ಪದರ ಮೂಡುತ್ತದೆ. ಗೋರಿಕಾಯಿಯ ಬೀಜದಿಂದ ತೆಗೆದ ಅಂಟು, ಹುಣಸೆ ಬೀಜದ ಅಂಟು ಇವುಗಳನ್ನೂ ಈ ಕೆಲಸಕ್ಕೆ ಪ್ರಯೋಗಿಸಿ ನೋಡಿರುವರು. ನಾವು ಉಗುಳಿ ಎಸೆಯುವ ಹುಣಸೆ ಬೀಜಕ್ಕೂ ಇಷ್ಟು ಬೆಲೆಯಿದೆ.

ಎರಡನೆಯದು ಅನಿಲ ಹುಟ್ಟಿಸುವ ಪದಾರ್ಥ, ಅಂದರೆ ಅಡಿಗೆ ಸೋಡ. ಅದರೊಡನೆ ನಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲವನ್ನೂ ಹಲವು ವೇಳೆ ಸೇರಿಸುತ್ತಾರೆ. ಸೋಡಕ್ಕೆ ಹುಳಿ ತಾಗಿದರೆ ನೊರೆ ಬರುವುದನ್ನು ನೀವು ಬಲ್ಲಿರಿ. ಆ ನೊರೆಯಲ್ಲಿರುವುದು ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲ. ಜಠರದಲ್ಲಿಯೂ ಆಮ್ಲವಿರುವುದರಿಂದ ಮಾತ್ರೆ ಅಲ್ಲಿಗೆ ತಲಪಿದೊಡನೆ ಒಳಗೆ ಗುಳ್ಳೆಗಳೇಳುತ್ತವೆ.

ಇದನ್ನು ಕಣ್ಣಾರೆ ಕಾಣಬೇಕಾದರೆ ಗಾಜಿನ ಲೋಟಕ್ಕೆ ಗೋಲಿ ಸೋಡ ಸುರಿದು ನಾಲ್ಕು ಒಣದ್ರಾಕ್ಷಿಗಳನ್ನು ಹಾಕಿರಿ. ಮೊದಲು ಅವು ಮುಳುಗುತ್ತವೆ. ಸುಕ್ಕುಗಳಲ್ಲಿ ಗುಳ್ಳೆಗಳು ಕೂಡಿದಂತೆ ಮೇಲಕ್ಕೆ ಏರುತ್ತವೆ. ಮೇಲೆ ಬಂದು ಗುಳ್ಳೆ ಒಡೆದೊಡನೆ ಮರಳಿ ಮುಳುಗುತ್ತವೆ. ಮಕ್ಕಳಿಗೂ ತೋರಿಸಬಹುದಾದ ಆಟ. ಮಾತ್ರೆ ತಯಾರಿಸುವವರ ನಿಜವಾದ ಕಷ್ಟವೂ ಇಲ್ಲಿಯೇ ಇದೆ. ಗುಳ್ಳೆ ಹುಟ್ಟಿಸುವುದು ಸುಲಭ, ಅದು ಒಡೆದು ಹೋಗದಂತೆ ಹಿಡಿದಿಡುವುದು ಕಷ್ಟ. ಇಡ್ಲಿಯ ಹಿಟ್ಟು ಹುದುಗಿದಾಗ ಉದ್ದಿನ ಲೋಳೆಯು ಗಾಳಿಯನ್ನು ಹಿಡಿದಿಟ್ಟಂತೆ, ಮಾತ್ರೆಯ ಲೋಳೆಯೂ ಅನಿಲವನ್ನು ಹಿಡಿದಿಡಬೇಕು.

ಆದುದರಿಂದ ಎಲ್ಲವೂ ಹದದ ಪ್ರಶ್ನೆ. ಮಾತ್ರೆಯ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 10ರಿಂದ 20 ಭಾಗ ಸೋಡವಿರುತ್ತದೆ. ಕಡಮೆಯಾದರೆ ಮಾತ್ರೆ ಮುಳುಗಿ ಬಾಗಿಲ ಕಡೆಗೆ ಸರಿಯುತ್ತದೆ. ಹೆಚ್ಚಾದರೆ ಲೋಳೆಯನ್ನು ಸೀಳಿಕೊಂಡು ಅನಿಲ ಹೊರಬಿದ್ದು ಮಾತ್ರೆಯೇ ಒಡೆಯುತ್ತದೆ. ಲೋಳೆಯ ಪುಡಿ ಹೆಚ್ಚಾದರೆ ಔಷಧಿ ಒಳಗೇ ಸಿಕ್ಕಿಬೀಳುತ್ತದೆ. ಯಂತ್ರವು ಬಹಳ ಬಿಗಿಯಾಗಿ ಒತ್ತಿದರೆ ಮಾತ್ರೆಯಲ್ಲಿ ಗಾಳಿಗೆ ಎಡೆಯಿಲ್ಲದೆ ಅದು ಭಾರವಾಗುತ್ತದೆ, ಸಡಿಲವಾಗಿ ಒತ್ತಿದರೆ ಸಾಗಣೆಯಲ್ಲಿಯೇ ಪುಡಿಯಾಗುತ್ತದೆ. ಮೆಟ್‌ಫಾರ್ಮಿನ್ನಿನಲ್ಲಿ ಇನ್ನೂ ಒಂದು ತೊಡಕುಂಟು. ಅದು ನೀರಿನಲ್ಲಿ ಬಹಳ ಸುಲಭವಾಗಿ ಕರಗುವ ಔಷಧಿ, ಕೊಡಬೇಕಾದ ಪ್ರಮಾಣವೂ 500ರಿಂದ 1000 ಮಿಲಿಗ್ರಾಂ. ಅದನ್ನು ತಡೆದಿಡಲು ಲೋಳೆಯ ಪುಡಿಯೂ ಹೆಚ್ಚಾಗಿ ಬೇಕಾಗುತ್ತದೆ. ಆ ಮಾತ್ರೆ ಅಷ್ಟು ದಪ್ಪವಾಗಿರುವುದರ ಕಾರಣ ಇದು.

ಮಾತ್ರೆಯ ಪುಡಿಯನ್ನು ಹದಮಾಡುವಾಗ ನೀರು ಬಳಸಿದರೆ ಸೋಡ ಮತ್ತು ಹುಳಿ ಅಲ್ಲಿಯೇ ನೊರೆಗಟ್ಟುತ್ತವೆ. ಅದಕ್ಕಾಗಿ ಮದ್ಯಸಾರದಂತಹ ದ್ರವದಿಂದ ಕಲಸುತ್ತಾರೆ, ಇಲ್ಲವೆ ಒಣಪುಡಿಯನ್ನೇ ನೇರವಾಗಿ ಒತ್ತುತ್ತಾರೆ. ತೇವವು ಈ ಮಾತ್ರೆಗೆ ಶತ್ರು. ಒಂದು ವಾರದ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿಡಬಾರದೆಂದೂ, ಮಳೆಗಾಲದಲ್ಲಿ ಒದ್ದೆಯಾಗುವ ಗೂಡಿನಲ್ಲಿ ಇಡಬಾರದೆಂದೂ ಹೇಳುವುದು ಇದಕ್ಕಾಗಿಯೇ. ನುಂಗುವ ಹೊತ್ತಿಗೆ ಮಾತ್ರ ಬಿಡಿಸಿಕೊಳ್ಳಿ.

ಪರೀಕ್ಷೆ

ಶಾಂತಿಗ್ರಾಮದಿಂದ ಬೆಂಗಳೂರು ಹೆದ್ದಾರಿಯಲ್ಲಿ ಚನ್ನರಾಯಪಟ್ಟಣ, ಹಿರೀಸಾವೆಗಳನ್ನು ದಾಟಿ ಮುಂದೆ ಹೋದರೆ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಒಂದು ಔಷಧ ವಿಜ್ಞಾನ ಕಾಲೇಜು ಇದೆ. ಬೆಂಗಳೂರಿನಲ್ಲಿ ಸರಕಾರದ್ದೇ ಒಂದಿದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ನಮ್ಮ ರಾಜ್ಯದ ಔಷಧ ವಿಜ್ಞಾನದ ವಿದ್ಯಾರ್ಥಿಗಳು ಸಲ್ಲಿಸಿರುವ ಪ್ರಬಂಧಗಳಲ್ಲಿ ತೇಲುವ ಮಾತ್ರೆಯನ್ನು ಕುರಿತವು ಅನೇಕ. ಅವರು ಮಾಡುವ ಪರೀಕ್ಷೆ ಹೀಗಿದೆ. ಗಾಜಿನ ಪಾತ್ರೆಯಲ್ಲಿ ಜಠರದ ರಸಕ್ಕೆ ಸಮನಾದ 900 ಮಿಲಿಲೀಟರು ತೆಳು ಹೈಡ್ರೋಕ್ಲೋರಿಕ್ ಆಮ್ಲವನ್ನು ತೆಗೆದುಕೊಂಡು, ಮೈಶಾಖದಷ್ಟು, ಅಂದರೆ 37 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿಟ್ಟು, ಹುಟ್ಟಿನಂತಹ ಕಡ್ಡಿಯಿಂದ ನಿಮಿಷಕ್ಕೆ 50 ಸುತ್ತಿನಂತೆ ತಿರುವುತ್ತಾರೆ. ಮಾತ್ರೆ ಹಾಕಿದ ಮೇಲೆ ಎಷ್ಟು ಹೊತ್ತಿಗೆ ಮೇಲೆದ್ದಿತು, ಎಷ್ಟು ಗಂಟೆ ತೇಲಿತು, ಗಂಟೆಗೆ ಎಷ್ಟು ಔಷಧಿ ಬಿಟ್ಟಿತು ಎಂಬುದನ್ನು ಬರೆದಿಡುತ್ತಾರೆ. ಒಳ್ಳೆಯ ಮಾತ್ರೆಯು ಕೆಲವೇ ನಿಮಿಷಗಳಲ್ಲಿ ಮೇಲೆದ್ದು, ಎಂಟು ಹತ್ತು ಗಂಟೆಗೂ ಮೀರಿ ತೇಲುತ್ತದೆ.

ಗಾಜಿನ ಪಾತ್ರೆಯು ಮನುಷ್ಯನ ಜಠರವಲ್ಲ ಎಂಬುದನ್ನೂ ಹೇಳಬೇಕು. ಪಾತ್ರೆಯಲ್ಲಿ ಯಾವಾಗಲೂ ದ್ರವ ತುಂಬಿರುತ್ತದೆ, ಅದು ಮಲಗುವುದಿಲ್ಲ, ಉಪವಾಸ ಮಾಡುವುದಿಲ್ಲ. ಅಲ್ಲಿ ಗೆದ್ದ ಮಾತ್ರೆಗಳಲ್ಲಿ ಬಹಳಷ್ಟು ಅಂಗಡಿಯನ್ನು ತಲಪಿಲ್ಲ. ಜಠರದಲ್ಲಿ ಮಾತ್ರೆ ತೇಲಬೇಕಾದರೆ ತೇಲಲು ನೀರು ಬೇಕು, ಬಾಗಿಲು ಮುಚ್ಚಿಕೊಂಡಿರಲು ಊಟ ಬೇಕು, ಮಾತ್ರೆ ಬಾಗಿಲಿನಿಂದ ದೂರವಿರಲು ಮೈ ನೆಟ್ಟಗಿರಬೇಕು. ಈ ಮೂರನ್ನೂ ಒದಗಿಸುವವರು ಮಾತ್ರೆ ಸೇವಿಸುವವರೇ.

ನೀವು ನಡೆದುಕೊಳ್ಳಬೇಕಾದ ರೀತಿ

ಆದುದರಿಂದ ಇಂತಹ ಮಾತ್ರೆಯನ್ನು ವೈದ್ಯರು ಊಟದೊಡನೆ ಎಂದು ಬರೆದಿದ್ದರೆ ಊಟದೊಡನೆಯೇ ಸೇವಿಸಬೇಕು. ಬರೀ ಹೊಟ್ಟೆಯಲ್ಲಿ ನುಂಗಿದ ಮಾತ್ರೆಯನ್ನು ಮನೆ ಗುಡಿಸುವ ಅಲೆಯು ಒಂದೆರಡು ಗಂಟೆಯಲ್ಲಿಯೇ ಮುಂದಕ್ಕೆ ತಳ್ಳಿಬಿಡಬಹುದು. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳಿದ್ದರೆ ಮೊದಲೇ ವೈದ್ಯಾಧಿಕಾರಿಗಳನ್ನು ಕೇಳಿರಿ. ಒಂದು ಗುಟುಕು ನೀರಿನಲ್ಲಿ ನುಂಗದೆ ಒಂದು ಲೋಟ ತುಂಬ ಕುಡಿಯಿರಿ. ಹೊಲದ ಕೆಲಸ ಮುಗಿಸಿ ತಡವಾಗಿ ಉಂಡು ಒಡನೆಯೇ ಮಲಗುವ ರೂಢಿ ನಮ್ಮಲ್ಲಿದೆ. ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕುಳಿತು ಮಾತನಾಡಿಯಾದರೂ ಮಲಗಿರಿ.

ನಿಧಾನ ಮಾತ್ರೆಗಳಲ್ಲಿ ಹೆಚ್ಚಿನವು ತೇಲುವುದಿಲ್ಲ, ಲೋಳೆಯಾಗಿ ಉಬ್ಬುವುದಷ್ಟೇ. ಆದರೆ ಮುರಿಯಬಾರದು, ಅಗಿಯಬಾರದು, ಕುಟ್ಟಬಾರದು ಎಂಬುದು ಎರಡಕ್ಕೂ ಅನ್ವಯಿಸುತ್ತದೆ. ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್, ಜಿಆರ್ ಎಂಬ ಅಕ್ಷರಗಳಿದ್ದರೆ ಅದು ನಿಧಾನ ಮಾತ್ರೆಯೆಂದು ತಿಳಿಯಿರಿ. ಓದಲು ಬಾರದಿದ್ದರೆ ಔಷಧಿ ವಿತರಕರಿಗಾಗಲಿ ಆಶಾ ಕಾರ್ಯಕರ್ತೆಗಾಗಲಿ ಹಾಳೆಯನ್ನು ತೋರಿಸಿ ಕೇಳಿರಿ. ನಡುವೆ ಗೆರೆಯಿರುವ ಕೆಲವು ನಿಧಾನ ಮಾತ್ರೆಗಳನ್ನು ಗೆರೆಯಲ್ಲಿ ಮುರಿಯಬಹುದು. ಯಾವುದನ್ನು ಎಂಬುದನ್ನು ಅವರೇ ಹೇಳಬೇಕು.

ಕುಟ್ಟಿದ ಮಾತ್ರೆ ಏರಿ ಒಡೆದ ಕೆರೆಯಾಗುತ್ತದೆ. ದಿನವಿಡೀ ಬರಬೇಕಾದ ಔಷಧಿ ಒಮ್ಮೆಲೇ ನುಗ್ಗುತ್ತದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಹೊಟ್ಟೆ ತೊಳಸುವುದು, ಭೇದಿಯಾಗುವುದು ಹೆಚ್ಚು. ಅದರೊಡನೆ ಸಕ್ಕರೆಯನ್ನು ತಗ್ಗಿಸುವ ಬೇರೆ ಔಷಧಿಯೂ ಸೇರಿರುವ ಮಾತ್ರೆಯಾದರೆ ರಕ್ತದ ಸಕ್ಕರೆ ತೀರ ಕುಸಿದು, ಬೆವರು, ನಡುಕ, ಕಣ್ಣು ಮಂಜಾಗುವುದು, ತಡಬಡಿಸುವ ಮಾತು ಕಾಣಿಸಬಹುದು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ಅಥವಾ ಬೆಲ್ಲದ ನೀರು ಕುಡಿಸಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಿ. ರಕ್ತದ ಒತ್ತಡಕ್ಕೆ, ಕೆಲವು ವೇಳೆ ಗರ್ಭಿಣಿಯರಿಗೂ ಕೊಡುವ ನಿಫೆಡಿಪಿನ್ ಎಂಬ ಔಷಧಿಯ ನಿಧಾನ ಮಾತ್ರೆಯನ್ನು ಪುಡಿಮಾಡಿದರೆ ಒತ್ತಡವು ಹಠಾತ್ತನೆ ಇಳಿದು ತಾಯಿಗೂ ಗರ್ಭದ ಶಿಶುವಿಗೂ ಕೇಡಾಗಬಹುದು.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡನ್ನು ಸೇರಿಸಿ ನುಂಗಬೇಡಿ. ಹಿರಿಯರಿಗೆ ನುಂಗಲು ನಿಜವಾಗಿಯೂ ಆಗದಿದ್ದರೆ, ಹಣದ ಅಡಚಣೆಯಿದ್ದರೆ, ಅದನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಹೇಳಿರಿ. ದಿನಕ್ಕೆ ಎರಡು ಬಾರಿ ಸೇವಿಸುವ ಚಿಕ್ಕ ಸಾಧಾರಣ ಮಾತ್ರೆಗೆ ಬದಲಿಸಲು ಸಾಧ್ಯವಿದೆ. ಅದರ ಬೆಲೆಯೂ ಸಾಮಾನ್ಯವಾಗಿ ಕಡಮೆ.

ಇನ್ನೊಂದು ಸಂಗತಿ ಅನೇಕರನ್ನು ಗಾಬರಿಗೊಳಿಸುತ್ತದೆ. ಲೋಳೆಯಾಗುವ ಮಾತ್ರೆ ಸೇವಿಸುವವರ ಮಲದಲ್ಲಿ ಕೆಲವೊಮ್ಮೆ ಮಾತ್ರೆಯ ಆಕಾರದ ಮೆತ್ತನೆಯ ಮುದ್ದೆ ಕಾಣಿಸುತ್ತದೆ. ಮಾತ್ರೆ ಕರಗಲೇ ಇಲ್ಲ, ಕೊಟ್ಟದ್ದು ಕಳಪೆ ಎಂದು ತಿಳಿದು ಸೇವನೆಯನ್ನೇ ನಿಲ್ಲಿಸಿಬಿಡುವವರಿದ್ದಾರೆ. ಅದು ಔಷಧಿಯೆಲ್ಲ ಹೊರಟುಹೋದ ಮೇಲೆ ಉಳಿದ ಖಾಲಿ ಲೋಳೆಯಷ್ಟೇ. ಸೇವನೆಯನ್ನು ಮುಂದುವರಿಸಿ, ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ವೈದ್ಯಾಧಿಕಾರಿಗಳಿಗೆ ತಿಳಿಸಿರಿ. ಭೇದಿಯಾಗುತ್ತಿದ್ದು ಮಾತ್ರೆ ಗಟ್ಟಿಯಾಗಿಯೇ ಹೊರಬೀಳುತ್ತಿದ್ದರೆ ಮಾತ್ರ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಹೋಗಿರಿ.